ನಾಲ್ಕೇ ಮ್ಯಾಚ್‌ನ ಗೋಲ್‌ಕೀಪರ್

ಫುಟ್‌ಬಾಲ್ ಬಗ್ಗೆ ಬರೆಯೋರಿಗೆ ಸರಕು ಮುಗಿದಾಗಲೆಲ್ಲ ಒಂದು ಪಟ್ಟಿ ಹೊರಗೆ ಬರುತ್ತೆ: ದೊಡ್ಡ ಕ್ಲಬ್‌ಗಳ ಅತಿ ಕೆಟ್ಟ ಖರೀದಿಗಳು. ಮ್ಯಾಂಚೆಸ್ಟರ್ ಯುನೈಟೆಡ್‌ನ ಪಟ್ಟಿಯಾದರೆ ಅದರಲ್ಲಿ ಮಾಸ್ಸಿಮೊ ತೈಬಿ ಇದ್ದೇ ಇರ್ತಾನೆ. ಹೆಸರಿನ ಮುಂದೆ ಎರಡು ಅಂಕಿ: 45 ಲಕ್ಷ ಪೌಂಡ್, 4 ಮ್ಯಾಚ್. ಕೆಳಗೊಂದು ಜೋಕು. ಕಥೆ ಮುಗೀತು. ನನ್ನ ತಕರಾರು ಇರೋದು ಈ ಪಟ್ಟಿಗಳ ಮೇಲೆ.

ಜೋಕಿನಿಂದಲೇ ಶುರು ಮಾಡೋಣ. ಇಂಗ್ಲಿಷ್ ಪತ್ರಿಕೆಗಳು ಅವನನ್ನ ‘ಬ್ಲೈಂಡ್ ವೆನೀಷಿಯನ್’ ಅಂತ ಕರೆದವು. ವೆನೀಷಿಯನ್ ಬ್ಲೈಂಡ್ ಅಂದರೆ ನಮ್ಮ ಆಫೀಸಿನ ಕಿಟಕಿಗಳಿಗೆ ಹಾಕಿರೋ ಪಟ್ಟಿಪಟ್ಟಿ ಪರದೆ. ಬಂದಿದ್ದು ವೆನೆಜಿಯಾ ಕ್ಲಬ್‌ನಿಂದ, ಚೆಂಡು ಕಣ್ಣಿಗೆ ಬೀಳಲ್ಲ, ಹಾಗಾಗಿ ಪದ ಹಿಂದೆಮುಂದೆ ಮಾಡಿದರು. ಚುರುಕಾಗಿದೆ, ಒಪ್ಪೋಣ. ಆದರೆ ಆತ ಹುಟ್ಟಿದ್ದು ವೆನಿಸ್‌ನಲ್ಲಲ್ಲ, ಸಿಸಿಲಿಯ ಪಲೆರ್ಮೊದಲ್ಲಿ.

ಈಗ ಆ ನಾಲ್ಕು ಮ್ಯಾಚ್ ನೋಡಿ. 1999ರ ಸೆಪ್ಟೆಂಬರ್, ಲಿವರ್‌ಪೂಲ್ ವಿರುದ್ಧ ಆನ್‌ಫೀಲ್ಡ್‌ನಲ್ಲಿ ಮೊದಲ ಆಟ. ಒಂದು ಗೋಲು ಅವನ ತಪ್ಪಿಂದಲೇ ಹೋಯ್ತು. ಆಮೇಲೆ ಏನೇನೋ ತಡೆದು, ತಂಡ 3–2ರಲ್ಲಿ ಗೆದ್ದಾಗ ಪಂದ್ಯಶ್ರೇಷ್ಠ ಅನ್ನಿಸಿಕೊಂಡ. ವಿಂಬಲ್ಡನ್ ಜೊತೆ 1–1. ಸೌತಾಂಪ್ಟನ್ ಜೊತೆ 3–3: ಮ್ಯಾಟ್ ಲ ಟಿಸಿಯೇ ದೂರದಿಂದ ಹೊಡೆದ, ಜೀವವೇ ಇಲ್ಲದ ಚೆಂಡು ಅವನ ಕೆಳಗಿಂದ ನುಸುಳಿ ಮೆಲ್ಲಗೆ ಗೆರೆ ದಾಟಿತು. ಪಟ್ಟಿಗಳಿಗೆ ಬೇಕಾಗಿರೋ ಚಿತ್ರ ಇದೊಂದೇ. ಕೊನೆಗೆ ಚೆಲ್ಸಿ ಕೈಲಿ 0–5. ಮೊದಲ ನಿಮಿಷದ ಗೋಲಿಗೆ ಅವನೇ ಕಾರಣ, ನಿಜ. ಆದರೆ ನಿಕಿ ಬಟ್ ಮೊದಲಾರ್ಧದಲ್ಲೇ ರೆಡ್ ಕಾರ್ಡ್ ತಗೊಂಡು ಹೊರಗೆ ಹೋಗಿದ್ದ. ಅವತ್ತು ಹತ್ತು ಜನರ ತಂಡ ಪೂರ್ತಿ ಸೋತಿತ್ತು. ಅಲ್ಲಿಗೆ ತೈಬಿ ಆಟ ಬಂದ್.

ತೈಬಿ ಚೆನ್ನಾಗಿ ಆಡಿದ ಅಂತ ನಾನು ವಾದ ಮಾಡ್ತಿಲ್ಲ. 4 ಮ್ಯಾಚ್‌ಗೆ 11 ಗೋಲು ಯಾವ ಲೆಕ್ಕದಲ್ಲೂ ಜಾಸ್ತಿನೇ. ಆದರೆ ಅವನನ್ನ ತರೋ ಪರಿಸ್ಥಿತಿ ಯಾಕೆ ಬಂತು? ಪೀಟರ್ ಶ್ಮೈಕೆಲ್ ಆ ಬೇಸಿಗೆಯಲ್ಲಿ ಕ್ಲಬ್ ಬಿಟ್ಟಿದ್ದ. ಬದಲಿಗೆ ಬಂದ ಮಾರ್ಕ್ ಬೊಸ್ನಿಚ್‌ಗೆ ಗಾಯ. ಆಗಸ್ಟ್ 22ರಂದು ಆರ್ಸೆನಲ್ ವಿರುದ್ಧ ರೈಮಂಡ್ ವಾನ್ ಡೆರ್ ಖೌಗೂ ಪೆಟ್ಟಾಯ್ತು. ಆಟ ಮುಗಿಯೋಕೆ ಕ್ಷಣಗಳಿದ್ದಾಗ ನಿಕ್ ಕಲ್ಕಿನ್ ಅನ್ನೋ ಹುಡುಗ ಒಳಗೆ ಬಂದ. ಸುಮಾರು 80 ಸೆಕೆಂಡು. ಯುನೈಟೆಡ್ ಪರ ಅವನ ಪೂರ್ತಿ ಕರಿಯರ್ ಅಷ್ಟೇ. ಕೆಲವೇ ದಿನಕ್ಕೆ ಕ್ಲಬ್ ತೈಬಿನ ಕೊಂಡಿತು.

ಐಟಿಯಲ್ಲಿರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಪ್ರಾಜೆಕ್ಟಿಗೆ ಬೆಂಕಿ ಬಿದ್ದಾಗ ಗಡಿಬಿಡಿಯಲ್ಲಿ ಒಬ್ಬನನ್ನ ತರ್ತಾರೆ, ತಿಂಗಳಿಗೆ ಬೆಂಚ್ ಮೇಲೆ ಕೂರಿಸ್ತಾರೆ. ನಾನು ಹೀಗೆ ಬೆಂಚಲ್ಲಿದ್ದಾಗ ಊರಲ್ಲಿ ಅಪ್ಪ, ‘ಸುಮ್ಮನೆ ಕೂತೋರಿಗೆ ಎಷ್ಟು ದಿನ ಸಂಬಳ ಕೊಡ್ತಾರಪ್ಪ?’ ಅಂತ ಕೇಳಿದ್ರು. ಬೆಂಚಿಗೆ ಹೋದವನ ಹೆಸರು ಎಲ್ಲರಿಗೂ ನೆನಪಿರುತ್ತೆ. ಪ್ಲಾನ್ ಮಾಡದೇ ಇದ್ದವರ ಹೆಸರು ಯಾರೂ ಎತ್ತಲ್ಲ. ಯುನೈಟೆಡ್ ಆ ಸೀಸನ್‌ನಲ್ಲಿ 18 ಪಾಯಿಂಟ್ ಅಂತರದಲ್ಲಿ ಲೀಗ್ ಗೆದ್ದಿತು. ಗೆದ್ದ ಮನೆಯಲ್ಲಿ ಲೆಕ್ಕ ಕೇಳೋರು ಯಾರು?

ಪಟ್ಟಿಗಳು ಹೇಳದ ಇನ್ನೊಂದು ಭಾಗ ಇಟಲಿಯಲ್ಲಿದೆ. ತೈಬಿ ರೆಜಿನಾಗೆ ಹೋಗಿ, ಆಮೇಲೆ ಅಟಲಾಂಟಾದಲ್ಲಿ ವರ್ಷಗಟ್ಟಲೆ ಆಡಿದ. 2001ರಲ್ಲಿ ಉದಿನೇಸೆ ವಿರುದ್ಧ ಕೊನೆ ಗಳಿಗೆಯಲ್ಲಿ ಎದುರಾಳಿ ಗೋಲಿನವರೆಗೂ ಓಡಿ, ತಲೆಯಿಂದ ಹೊಡೆದು ಪಂದ್ಯ ಸಮ ಮಾಡಿದ. ಗೋಲ್‌ಕೀಪರ್ ಹೊಡೆದ ಗೋಲು! ಕಲ್ಕಿನ್‌ಗೆ ಆ ಭಾಗ್ಯವಿರಲಿಲ್ಲ. ಬೇರೆ ಬೇರೆ ಕ್ಲಬ್‌ಗಳಿಗೆ ಎರವಲು ಹೋಗಿ, ಮಂಡಿ ಪೆಟ್ಟಿಂದ ಚಿಕ್ಕ ವಯಸ್ಸಿಗೇ ಆಟ ಬಿಟ್ಟ.

ಪಟ್ಟಿ ಮಾಡೋರು ಮಾಡ್ಲಿ, ನಾನೂ ಓದ್ತೀನಿ. ಟೇಬಲ್‌ಗೆ ಇನ್ನೆರಡು ಕಾಲಂ ಸೇರಿಸಿದರೆ ಸಾಕು: ಯಾರ ಜಾಗಕ್ಕೆ ಕರೆಸಿದರು, ಆಮೇಲೆ ಏನು ಮಾಡಿದ.