ಕಲಬುರಗಿಯ ರಕ್ಷಣೆ ಕಮಲಾಪುರದಿಂದ ಶುರುವಾಗಬೇಕು

ಚರಿತ್ರೆಯ ಯುದ್ಧದಾಟಗಳನ್ನು ಆಡುವ ಹುಡುಗರಲ್ಲೂ ಕೋಟೆಗಳ ಬಗ್ಗೆ ಮಾತಾಡುವ ಹಿರಿಯರಲ್ಲೂ ಒಂದು ನಂಬಿಕೆ ಬೇರೂರಿದೆ: ಎತ್ತರದ ನೆಲ, ದಪ್ಪ ಗೋಡೆ, ಆಳದ ಕಂದಕ ಇದ್ದರೆ ಊರು ಉಳಿಯುತ್ತದೆ. ಈ ಲೆಕ್ಕದಲ್ಲಿ ಬೀದರ್ ಗಟ್ಟಿ, ಕಲಬುರಗಿ ಸಡಿಲ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದದ್ದನ್ನೇ ಇದಕ್ಕೆ ಸಾಕ್ಷಿಯಾಗಿ ಮುಂದಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ.

ಕಲಬುರಗಿಯ ನೆಲ ಸಪಾಟು ಎಂಬುದು ನಿಜ. ಶರಣಬಸವೇಶ್ವರ ದೇವಸ್ಥಾನದಿಂದ ಕೆರೆಯ ಕಡೆ ಹಾದು ಕೋಟೆಯತನಕ ನಡೆದರೆ ಏದುಸಿರು ಬಿಡಿಸುವ ಒಂದು ಏರೂ ಸಿಗುವುದಿಲ್ಲ. ಕೋಟೆಯೊಳಗೆ ಹೋದವರು ಸುಮಾರು 29 ಅಡಿ ಉದ್ದದ ತೋಪಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ತೋಪು ಊರನ್ನು ಕಾಯಿತು ಎಂದುಕೊಂಡೇ ಹೊರಬರುತ್ತಾರೆ. ಮುತ್ತಿಗೆ ಹಾಕಿದ ದಂಡು ಏನು ತಿನ್ನುತ್ತಿತ್ತು, ಅದರ ಕುದುರೆಗಳಿಗೆ ಮೇವು ಯಾವ ದಾರಿಯಿಂದ ಬರುತ್ತಿತ್ತು ಎಂದು ಯಾರೂ ಕೇಳುವುದಿಲ್ಲ.

ಆಟಗಳು ಈ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡಿವೆ. ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಆವೃತ್ತಿಯಲ್ಲಿ ಎತ್ತರದಲ್ಲಿ ನಿಂತ ಸೈನಿಕನ ಏಟಿಗೆ ಹೆಚ್ಚು ಬಲ. ಗೋಡೆಗೆ ಇಷ್ಟು ಅಂಕ ಎಂದು ಆಯುಷ್ಯ. ಸೈನಿಕನನ್ನು ತಯಾರು ಮಾಡುವಾಗ ಒಮ್ಮೆ ಆಹಾರ ತೆತ್ತರೆ ಮುಗಿಯಿತು, ಆಮೇಲೆ ಅವನು ಉಣ್ಣುವುದೇ ಇಲ್ಲ. ಹಸಿವಿಲ್ಲದ ಸೈನ್ಯದ ಎದುರು ಗೋಡೆಯನ್ನು ದಪ್ಪ ಮಾಡುವುದೊಂದೇ ಉಪಾಯ. ಇದೇ ಪಾಠವನ್ನು ಆಟಗಾರ ಚರಿತ್ರೆಯ ಮೇಲೂ ಹೇರುತ್ತಾನೆ.

ಚರಿತ್ರೆ ಹೇಳುವುದು ಬೇರೆಯೇ. 1657ರಲ್ಲಿ ಮೊಘಲ ರಾಜಕುಮಾರ ಔರಂಗಜೇಬ, ಸೇನಾನಿ ಮೀರ್ ಜುಮ್ಲಾನೊಂದಿಗೆ, ಬಿಜಾಪುರದ ಆದಿಲಶಾಹಿಯ ಮೇಲೆ ಬಂದ. ಮೊದಲು ಮುತ್ತಿದ್ದು ಬೀದರನ್ನು. ಪ್ರಸ್ಥಭೂಮಿಯ ಅಂಚಿನ ಎತ್ತರ, ಜಂಬಿಟ್ಟಿಗೆ ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ, ಸಿದ್ದಿ ಮರ್ಜಾನ್‌ನಂಥ ಅನುಭವಿ ಕಿಲ್ಲೇದಾರ, ಎಲ್ಲವೂ ಇದ್ದವು. ಆದರೆ ಮುತ್ತಿಗೆಯನ್ನು ಅಲುಗಿಸುವಂಥ ದಂಡು ಹೊರಗಿನಿಂದ ಬರಲಿಲ್ಲ. ಮೊಘಲರು ನಿರಾತಂಕವಾಗಿ ತೋಪು ನಿಲ್ಲಿಸಿ ಬುರುಜುಗಳನ್ನು ಒಡೆದರು. ಮದ್ದಿಗೆ ಕಿಡಿ ತಗುಲಿ ಕಿಲ್ಲೇದಾರನೇ ಸುಟ್ಟು ಮಾರಣಾಂತಿಕವಾಗಿ ಗಾಯಗೊಂಡ. ಮುತ್ತಿಗೆ ಬಾಳಿದ್ದು 27 ದಿನ.

ಮುಂದಿನ ಗುರಿ ಕಲ್ಯಾಣಿ, ಇಂದಿನ ಬಸವಕಲ್ಯಾಣ. ಬೀದರಿನ ಎತ್ತರ ಅದಕ್ಕಿಲ್ಲ, ಮೂರು ಕಂದಕದ ಹೆಸರೂ ಇಲ್ಲ. ಆದರೂ ಮೇ ಆರಂಭದಿಂದ ಜುಲೈ ಕೊನೆಯವರೆಗೆ, ಹೆಚ್ಚುಕಡಿಮೆ ಮೂರು ತಿಂಗಳು, ಅದು ತಡೆದು ನಿಂತಿತು. ಕಾರಣ ಗೋಡೆಯಾಚೆ ಇತ್ತು: ಬಿಜಾಪುರದ ಕುದುರೆ ಸವಾರರು ಹೊರಗೆ ಸುಳಿದಾಡುತ್ತ ಮೊಘಲರ ರಸದನ್ನು ಹೊಡೆದರು, ಮೇವಿಗೆ ಹೋದವರ ಮೇಲೆ ಬಿದ್ದರು. ಮುತ್ತಿಗೆ ಬಿಟ್ಟು ಇವರನ್ನು ಅಟ್ಟಲು ಔರಂಗಜೇಬ ಮತ್ತೆ ಮತ್ತೆ ಪಡೆ ಕಳಿಸಬೇಕಾಯಿತು.

ಕೊನೆಗೆ ಕಲ್ಯಾಣಿಯೂ ಬಿತ್ತಲ್ಲ ಎನ್ನಬಹುದು. ಬಿತ್ತು. ಆದರೆ ಗಡಿಕೋಟೆಯ ಕೆಲಸ ಶಾಶ್ವತವಾಗಿ ನಿಲ್ಲುವುದಲ್ಲ, ರಾಜ್ಯಕ್ಕೆ ದಿನ ಗಳಿಸಿಕೊಡುವುದು. ಅಷ್ಟರಲ್ಲಿ ಶಾಹಜಹಾನ್ ಯುದ್ಧ ನಿಲ್ಲಿಸಲು ಹೇಳಿದ. ಸೆಪ್ಟೆಂಬರಿನಲ್ಲಿ ಅವನೇ ಕಾಯಿಲೆ ಬಿದ್ದ. ಔರಂಗಜೇಬ ಸಿಂಹಾಸನದ ಜಗಳಕ್ಕೆ ಉತ್ತರಕ್ಕೆ ಹೋದ. ಬಿಜಾಪುರ 1686ರ ತನಕ ಉಳಿಯಿತು. ಆ ಮೂರು ತಿಂಗಳ ಬೆಲೆ ಅಷ್ಟು.

ಹಾಗಾದರೆ ಕಲಬುರಗಿಯನ್ನು ಆಟದಲ್ಲಿ ಕಾಯುವವನು ಏನು ಮಾಡಬೇಕು? ನಕ್ಷೆಯಲ್ಲಿ ಮೊದಲು ಬೆರಳಿಡಬೇಕಾದದ್ದು ಕೋಟೆ ಬಾಗಿಲಿನ ಮೇಲಲ್ಲ, ಕಮಲಾಪುರದ ಮೇಲೆ. ಬೀದರ್ ಕಡೆಯಿಂದ ಹುಮನಾಬಾದ್ ದಾಟಿ ಬರುವ ದಂಡು ಹಾಯುವುದು ಅಲ್ಲೇ. ಕಲ್ಯಾಣಿಯಿಂದ ಬರುವವರಿಗೆ ಆಳಂದದ ದಾರಿಯೂ ಇದೆ. ಕೋಟೆಯಲ್ಲಿ ಸಾಕಾಗುವಷ್ಟು ಜನರನ್ನು ಬಿಟ್ಟು, ಸವಾರರನ್ನೆಲ್ಲ ಹೊರಗೆ, ಈ ಎರಡು ದಾರಿಗಳ ಪಕ್ಕದಲ್ಲಿ ಇಡಬೇಕು. ಶತ್ರು ಬರುವ ಮೊದಲೇ ದಾರಿಯ ಊರುಗಳ ಕಣಕಿ ಬಣವೆ ತೆಗೆಯಬೇಕು, ಹಗೇವಿನ ಜೋಳ ಕೋಟೆಗೆ ಸಾಗಿಸಬೇಕು. ಮಿರಗ ಮಳೆಯತನಕ ತಡೆದರೆ ಎರೆನೆಲವೇ ನಮ್ಮ ಕಡೆ ಸೇರುತ್ತದೆ. ಹಸಿ ಎರೆಯಲ್ಲಿ ತೋಪಿನ ಗಾಲಿ ಉರುಳುವುದಿಲ್ಲ. ಸಪಾಟು ನೆಲವನ್ನು ದೋಷವೆಂದು ಬಗೆದವರು ಇದನ್ನು ಕಾಣಲೇ ಇಲ್ಲ. ಬಯಲು ಕುದುರೆಗೆ ಒಲಿಯುತ್ತದೆ, ಮಳೆ ಬಿದ್ದ ಮೇಲೆ ತೋಪಿಗೆ ಮುನಿಯುತ್ತದೆ.

ಕೋಟೆಯೊಳಗಿನ ಲೆಕ್ಕ ಬೇಕಾದವರು ಶರಣಬಸವೇಶ್ವರ ದೇವಸ್ಥಾನದಲ್ಲಿ ದಾಸೋಹ ನಡೆಸುವವರನ್ನು ಕೇಳಲಿ. ಶರಣಬಸವೇಶ್ವರರು (1746–1822) ಈ ಮುತ್ತಿಗೆಗಳ ಕಾಲ ಕಳೆದ ಮೇಲೆ ಬಂದವರು, 1657ರ ನಕ್ಷೆಯಲ್ಲಿ ಅವರ ಗುಡಿ ಇಲ್ಲ. ಆದರೆ ಸಾವಿರ ಜನರ ಪಂಕ್ತಿಗೆ ಎಷ್ಟು ಜೋಳ, ಎಷ್ಟು ಬೇಳೆ, ಎಷ್ಟು ಕಟ್ಟಿಗೆ, ಎಷ್ಟು ಕೊಡ ನೀರು ಎಂದು ದಿನವೂ ಎಣಿಸುವ ಜಾಣತನವೇ ಕಿಲ್ಲೇದಾರನಿಗೂ ಬೇಕಾದದ್ದು. ಬಹಮನಿಗಳು ಬೀದರಿಗೆ ಹೋದಾಗಲೂ ಅಲ್ಲಿನ ನೀರು ಮತ್ತು ಹವೆ ಮುಖ್ಯ ಕಾರಣಗಳಾಗಿದ್ದವು ಎಂಬುದನ್ನು ಎತ್ತರದ ವಾದಿಗಳು ನೆನಪಿಡಬೇಕು.

ಆಟ ಕಟ್ಟುವ ನಮ್ಮ ಯುವಕರಲ್ಲಿ ಒಂದೇ ವಿನಂತಿ. ದಖ್ಖನಿನ ಕೋಟೆಯನ್ನು ಆಟಕ್ಕೆ ತರುವಾಗ ಗೋಡೆಗೆ ಅಂಕ ಕೊಡುವ ಮುನ್ನ ಸೈನಿಕನಿಗೆ ಹಸಿವು ಕೊಡಿ, ದಾರಿಗೆ ಕೆಸರು ಕೊಡಿ, ಹೊರಗಿನ ದಂಡಿಗೆ ಕೆಲಸ ಕೊಡಿ. ಅಷ್ಟು ಮಾಡಿದರೆ ಕಲಬುರಗಿ ಸಡಿಲ ಕೋಟೆಯೆಂಬ ಮಾತು ತಾನಾಗಿಯೇ ಬಿದ್ದುಹೋಗುತ್ತದೆ.