‘ಅವ್ವ’ ಎಂದು ಓದಿದ ಹುಡುಗಿ

ಕಳೆದ ವರ್ಷ ಕ್ಷೇತ್ರಕಾರ್ಯಕ್ಕೆಂದು ಕಲಬುರಗಿ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲವು ವಾರ ಕೂತಿದ್ದೆ. ಮೂರನೇ ತರಗತಿಯ ಗೋಡೆಗೆ ದಾರ ಕಟ್ಟಿ ಬಣ್ಣಬಣ್ಣದ ಪುಸ್ತಕಗಳನ್ನು ತೂಗುಹಾಕಿದ್ದರು. ಒಬ್ಬ ಹುಡುಗಿ ಅದರಲ್ಲೊಂದನ್ನು ಇಳಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಪುಟದಲ್ಲಿದ್ದದ್ದು ‘ತಾಯಿ ಮಗಳನ್ನು ಕರೆದಳು’. ಅವಳು ಓದಿದ್ದು ‘ಅವ್ವ ಮಗಳಿಗಿ ಕರದ್ಳು’. ಅಕ್ಕೋರು ತಕ್ಷಣ ತಡೆದರು: “ಪುಸ್ತಕದಾಗ ಏನು ಬರದಾರ ಅದನ್ನ ಓದು.” ಹುಡುಗಿ ಬೆರಳಿಟ್ಟು ‘ತಾ... ಯಿ...’ ಎಂದು ಬಿಡಿಸಿ ಓದಿದಳು. ಸಾಲು ಮುಗಿಯುವಷ್ಟರಲ್ಲಿ ದನಿ ಇಳಿದಿತ್ತು. ಪುಸ್ತಕ ಮತ್ತೆ ದಾರಕ್ಕೆ ಹೋಯಿತು.

ಆ ಹೊತ್ತಿಗೆ ನಾನೂ ಅಕ್ಕೋರ ಪರವಾಗಿಯೇ ಇದ್ದೆ. ರಾತ್ರಿ ಟಿಪ್ಪಣಿ ಬರೆಯುವಾಗ ಅನುಮಾನ ಶುರುವಾಯಿತು. ಹುಡುಗಿಗೆ ಅಕ್ಷರ ತಿಳಿದಿರಲಿಲ್ಲವೇ? ತಿಳಿದಿತ್ತು. ಅವಳು ‘ತಾಯಿ’ಯ ಅರ್ಥ ಹಿಡಿದು ತನ್ನ ಮನೆಯ ಪದ ಇಟ್ಟಿದ್ದಳು. ‘ಮಗಳನ್ನು’ ಎಂಬ ದ್ವಿತೀಯೆಯ ಜಾಗಕ್ಕೆ ಆ ಸೀಮೆಯ ಮಾತು ಬಯಸುವ ಚತುರ್ಥಿಯನ್ನು ತಂದಿದ್ದಳು. ಅಂದರೆ ಇಡೀ ವಾಕ್ಯವನ್ನು ಓದಿ, ತಿಳಿದು, ತನ್ನ ವ್ಯಾಕರಣದಲ್ಲಿ ಮತ್ತೆ ಕಟ್ಟಿದ್ದಳು. 1960ರ ದಶಕದಲ್ಲಿ ಕೆನೆತ್ ಗುಡ್‌ಮನ್ ಇಂಥ ಓದನ್ನು ತಪ್ಪು ಎನ್ನಲು ಒಪ್ಪದೆ ‘ಮಿಸ್‌ಕ್ಯೂ’ ಎಂಬ ಬೇರೆ ಹೆಸರನ್ನೇ ಕೊಟ್ಟಿದ್ದರು. ಓದುವವರ ತಲೆಯೊಳಗೆ ಏನು ನಡೆದಿದೆ ಎಂದು ಕಾಣಿಸುವ ಕಿಟಕಿ ಅದು ಎಂಬುದು ಅವರ ವಾದ. ನಮ್ಮ ತರಗತಿಯಲ್ಲಿ ಆ ಕಿಟಕಿ ಮುಚ್ಚಿತು. ಅದನ್ನು ಮುಚ್ಚಿದ ಅಕ್ಕೋರ ವಾಕ್ಯವೂ ಹುಡುಗಿಯ ಮನೆಮಾತಿನಲ್ಲೇ ಇತ್ತು.

ಪ್ರಾಥಮಿಕ ಶಾಲೆಗೆ ವೈವಿಧ್ಯಮಯ ಓದುಸಾಮಗ್ರಿ ಬೇಕು ಎಂದು ಎಲ್ಲರೂ ಹೇಳುತ್ತೇವೆ. ಹೇಳುವಾಗ ಲೆಕ್ಕ ಹಾಕುವುದು ಎಷ್ಟು ಪುಸ್ತಕ, ಎಷ್ಟು ಬಣ್ಣ, ಎಷ್ಟು ಪ್ರಾಣಿ ಎಂದು. ಆ ದಾರಕ್ಕೆ ತೂಗಿದ್ದ ನಲವತ್ತು ಚಿಲ್ಲರೆ ಪುಸ್ತಕಗಳನ್ನು ಒಂದೊಂದಾಗಿ ಓದಿ ನೋಡಿದೆ. ಚಿತ್ರಗಳು ಬೇರೆ, ಊರುಗಳು ಬೇರೆ. ಕನ್ನಡ ಮಾತ್ರ ಒಂದೇ. ಆನೆಯೂ ರೈತನೂ ಅಜ್ಜಿಯೂ ಒಂದೇ ಬಗೆಯ ಶಿಷ್ಟ ವಾಕ್ಯದಲ್ಲಿ ಮಾತನಾಡುತ್ತಿದ್ದರು.

ಈ ಒಗ್ಗಟ್ಟು ಇಂದಿನದಲ್ಲ. ಜಿ.ಪಿ. ರಾಜರತ್ನಂ ಅವರನ್ನೇ ನೋಡಿ. ‘ರತ್ನನ ಪದಗಳು’ ಬರೆದು, ಹೆಂಡಗುಡುಕನೊಬ್ಬನ ಮುರುಕು ಮಾತಿಗೆ ಕಾವ್ಯದ ಘನತೆ ತಂದವರು ಅವರು. ಅದೇ ಕವಿ ‘ತುತ್ತೂರಿ’ಯಂಥ ಶಿಶುಗೀತೆಗಳಿಗೆ ಬಂದಾಗ ಭಾಷೆ ತೊಳೆದಿಟ್ಟ ತಟ್ಟೆಯಂತೆ ಶುಭ್ರವಾಗುತ್ತದೆ. ಆ ಪದ್ಯಗಳ ಲಯ, ತಮಾಷೆ, ಸರಳತೆಯ ಬಗ್ಗೆ ನನಗೆ ದೂರಿಲ್ಲ; ನಾನೂ ಅವನ್ನು ಕುಣಿಯುತ್ತಲೇ ಕಲಿತವಳು. ಆದರೆ ಆಡುಮಾತಿನ ಕಸುವು ಗೊತ್ತಿದ್ದ ಕವಿಗೂ ಅದನ್ನು ಮಕ್ಕಳ ಕೈಗೆ ಕೊಡಬಹುದು ಎನ್ನಿಸಿದಂತಿಲ್ಲ. ದೊಡ್ಡವರ ಸಾಹಿತ್ಯದಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ಯ ಭಾಷೆಯನ್ನು ಕೊಂಡಾಡುವ ನಾವು ಅದೇ ಚಾಮರಾಜನಗರ ಸೀಮೆಯ ಮಗು ಓದುವ ಪುಸ್ತಕದಲ್ಲಿ ಆ ಮಾತಿಗೆ ಜಾಗವಿದೆಯೇ ಎಂದು ಕೇಳಿಕೊಂಡಿಲ್ಲ.

ಇನ್ನು ಮೊದಲ ಓದಿನ ಮಾತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ನಲಿಕಲಿ, ರಿಷಿವ್ಯಾಲಿಯ ಪ್ರಯೋಗಗಳಿಂದ ಪ್ರೇರಣೆ ಪಡೆದದ್ದು. ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಏರಬೇಕು ಎಂಬ ಅದರ ಆಲೋಚನೆ ನಿಜಕ್ಕೂ ದೊಡ್ಡದು. ಅಲ್ಲಿ ಕಲಿಕೆ ಶುರುವಾಗುವುದು ವರ್ಣಮಾಲೆಯ ಕ್ರಮದಲ್ಲಲ್ಲ. ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬ ಅಕ್ಷರಗಳಿಂದ. ಈ ಐದರಿಂದ ಏನೇನು ಪದ ಕಟ್ಟಬಹುದು? ಸರ, ದರ, ಅಗಸ, ಅರಸ. ಕೈಗೆ ಸುಲಭ, ನಿಜ. ಆದರೆ ಆರು ವರ್ಷದ ಮಗುವಿಗೆ ಅರಸನ ಜೊತೆ ಏನು ಕೆಲಸ? ಅಗಸ ಎಂಬುದು ತರಗತಿಯಲ್ಲಿ ಕೂತ ಒಂದು ಮಗುವಿನ ಮನೆಯ ಜಾತಿಯ ಹೆಸರೂ ಆಗಿರಬಹುದು. ಇದು ಯಾರ ದುರುದ್ದೇಶವೂ ಅಲ್ಲ. ಅಕ್ಷರದ ಅನುಕೂಲ ನೋಡುವಾಗ ಲೋಕವನ್ನು ನೋಡಲಿಲ್ಲ, ಅಷ್ಟೆ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಷ್ಟನ್-ವಾರ್ನರ್ 1963ರ ‘ಟೀಚರ್’ ಪುಸ್ತಕದಲ್ಲಿ ಇದರ ತದ್ವಿರುದ್ಧ ದಾರಿ ಹೇಳುತ್ತಾರೆ. ನಿನಗೆ ಯಾವ ಪದ ಬೇಕು ಎಂದು ಮಗುವನ್ನೇ ಕೇಳಿ, ಅದನ್ನು ಕಾರ್ಡಿನಲ್ಲಿ ಬರೆದು ಅದರ ಕೈಗಿಡುತ್ತಿದ್ದರು. ಭಯದ, ಪ್ರೀತಿಯ ಪದಗಳನ್ನು ಮಕ್ಕಳು ಎಷ್ಟೇ ಕಷ್ಟವಾದರೂ ಮರೆಯುತ್ತಿರಲಿಲ್ಲವಂತೆ.

ಮೂರನೆಯದು ಅನುವಾದ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್, 2015ರಲ್ಲಿ ಅದು ತೆರೆದ ಸ್ಟೋರಿವೀವರ್ ತಾಣ, ಇವುಗಳಿಂದ ಕನ್ನಡಕ್ಕೆ ಬಂದ ಚಿತ್ರಪುಸ್ತಕಗಳ ರಾಶಿಯನ್ನು ನಮ್ಮ ಬಾಲ್ಯ ಕಂಡಿರಲಿಲ್ಲ. ಅಗ್ಗವಾಗಿ, ಉಚಿತವಾಗಿ ಇಷ್ಟು ಕಥೆ ಸಿಗುವುದು ಸಣ್ಣ ಸಂಗತಿಯಲ್ಲ. ತೊಡಕು ಇರುವುದು ಓದಿನ ಹಂತವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾಗೇ ದಾಟಿಸುವಲ್ಲಿ. ಎಲಿಫೆಂಟ್ ಎನ್ನಲು ಇಂಗ್ಲಿಷಿಗೆ ಎಂಟು ಅಕ್ಷರ ಬೇಕು, ಕನ್ನಡದ ಆನೆಗೆ ಎರಡೇ ಸಾಕು. ಝೂ ಎಂಬುದು ಅಲ್ಲಿ ಮೂರೇ ಅಕ್ಷರ; ಇಲ್ಲಿ ಮೃಗಾಲಯವಾಗಿ ಮೊದಲ ಅಕ್ಷರದಲ್ಲೇ ಮಗುವನ್ನು ಎಡವಿಸುತ್ತದೆ. ಇಂಗ್ಲಿಷಿನ ಮೊದಲ ಹಂತ ಕನ್ನಡದ ಮೊದಲ ಹಂತವಾಗಲೇಬೇಕಿಲ್ಲ. ಬ್ರೌನಿಂಗನ ಪದ್ಯವನ್ನು ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿಸುವಾಗ ಮಾಡಿದ್ದು ಇದನ್ನೇ: ಪದಕ್ಕೆ ಪದ ಇಡದೆ, ಊರು, ಜನ, ಲಯ ಎಲ್ಲವನ್ನೂ ಕನ್ನಡದಲ್ಲಿ ಹೊಸದಾಗಿ ಹುಟ್ಟಿಸಿದರು.

ಪ್ರಕಾರಗಳ ಬಡತನವೂ ಇದೆ. ಆ ದಾರದ ಮೇಲೆ ಇದ್ದದ್ದು ಹೆಚ್ಚುಕಡಿಮೆ ಕಥೆಗಳೇ, ಕೊನೆಯಲ್ಲಿ ನೀತಿ. ಮಳೆ ಹೇಗೆ ಬರುತ್ತದೆ, ಗಾಳಿಪಟ ಹೇಗೆ ಮಾಡುವುದು, ಸಂತೆಯ ಚೀಟಿ, ಒಗಟು, ಪತ್ರ ಇವು ಇರಲಿಲ್ಲ. 1936ರಷ್ಟು ಹಿಂದೆಯೇ ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಸಂಪುಟಗಳನ್ನು ತಂದು, ಮಕ್ಕಳಿಗೆ ಕಥೆಯಷ್ಟೇ ಅಲ್ಲ, ಲೋಕದ ಮಾಹಿತಿಯೂ ಬೇಕು ಎಂದು ತೋರಿಸಿದ್ದರು. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ ಓದುವ ಮಗುವಿಗೆ ಅದು ಈಗಲೂ ಬೇಕು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಅದನ್ನು ನನಗೆ ಹೇಳಿದವರು ಆ ಅಕ್ಕೋರೇ. “ನೀವು ಯುನಿವರ್ಸಿಟಿಯವರು ನಮ್ಮ ಮಾತು ಚಂದ ಅಂತೀರಿ. ನಾಳೆ ಪರೀಕ್ಷಾದಾಗ ಇದೇ ಮಾತು ಬರದ್ರ ಮಾರ್ಕ್ಸ್ ಕೊಡೋರು ಯಾರ್ರಿ?” ಅವರ ಮಾತು ಸುಳ್ಳಲ್ಲ. ಶಿಷ್ಟ ಕನ್ನಡ ಸಿಗದ ಮಗುವಿಗೆ ಅರ್ಜಿ, ಕೋರ್ಟು, ಕಾಲೇಜು ಎಲ್ಲವೂ ದೂರವೇ. ಅದನ್ನು ಕಲಿಸಬಾರದು ಎನ್ನುವ ಹಕ್ಕು, ಅದರಿಂದಲೇ ಫೆಲೋಶಿಪ್ ಪಡೆದ ನನಗಂತೂ ಇಲ್ಲ. ನಾನು ಕೇಳುವುದು ಇಷ್ಟೇ: ಶಿಷ್ಟ ಕನ್ನಡ ಎರಡನೆಯ ಪುಟವಾಗಿ ಬರಲಿ, ಮೊದಲ ಪುಟವನ್ನು ಹರಿದು ಬರುವುದು ಬೇಡ. ದಾರದ ಮೇಲೆ ‘ತಾಯಿ’ಯ ಪುಸ್ತಕವೂ ಇರಲಿ, ‘ಅವ್ವ’ನ ಪುಸ್ತಕವೂ ಇರಲಿ. ಎರಡನ್ನೂ ಓದಿದ ಮಗು ಅವುಗಳ ನಡುವಿನ ವ್ಯತ್ಯಾಸವನ್ನು ನಮಗಿಂತ ಚೆನ್ನಾಗಿ ಹೇಳಬಲ್ಲದು.

ಇದು ಬರೀ ಆಸೆಯಲ್ಲ. ಹೊರಡುವ ಹಿಂದಿನ ದಿನ ಆ ಹುಡುಗಿಯ ಬಳಿ ಕೂತು, ಅವ್ವನ ಬಗ್ಗೆ ಏನಾದರೂ ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಅವ್ವ ಹೊಲದಿಂದ ಬಂದು ಕರೆದದ್ದು, ತಾನು ಕಣಜದ ಹಿಂದೆ ಅಡಗಿದ್ದು, ಬೈಗುಳ ತಿಂದದ್ದು ಎಲ್ಲ ಹೇಳಿದಳು. ಬರೆದ ಹಾಳೆ ಅವಳ ಕೈಗೆ ಕೊಟ್ಟೆ. ಬೆರಳಿಟ್ಟು ಸರಾಗವಾಗಿ ಓದುತ್ತ ಹೋದವಳು ಒಂದು ಕಡೆ ನಿಂತಳು. ಅಭ್ಯಾಸಬಲದಿಂದ ನಾನು ‘ಕರೆದಳು’ ಎಂದು ಬರೆದುಬಿಟ್ಟಿದ್ದೆ.

“ನಾ ಹಿಂಗ ಅಂದಿಲ್ರಿ,” ಎಂದಳು. ಪೆನ್ನು ಕೇಳಿ ಇಸಿದುಕೊಂಡಳು.