ಮೂರು ಸ್ವರ, ಒಂದು ದಿನ

ಹೆವಿ ಮೆಟಲ್ ಎಲ್ಲಿ ಹುಟ್ಟಿತು ಎಂಬ ವಾದ ರಸಿಕರ ನಡುವೆ ಇನ್ನೂ ಮುಗಿದಿಲ್ಲ. ಲೆಡ್ ಜೆಪ್ಪೆಲಿನ್ ಎನ್ನುವವರಿದ್ದಾರೆ, ಡೀಪ್ ಪರ್ಪಲ್ ಎನ್ನುವವರಿದ್ದಾರೆ, ಬ್ಲೂ ಚಿಯರ್‌ವರೆಗೂ ಹಿಂದೆ ಹೋಗುವವರಿದ್ದಾರೆ. ನನಗೆ ಈ ವಿಷಯದಲ್ಲಿ ಅನುಮಾನವೇ ಇಲ್ಲ. 1969ರ ಅಕ್ಟೋಬರ್ 16ರಂದು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊದಲ್ಲಿ, ಬರ್ಮಿಂಗ್‌ಹ್ಯಾಮ್‌ನಿಂದ ಬಂದ ನಾಲ್ವರು ಹುಡುಗರು ಒಂದೇ ದಿನದಲ್ಲಿ ಒಂದು ಇಡೀ ಎಲ್‌ಪಿ ನುಡಿಸಿ ಮುಗಿಸಿದರು. ಬ್ಲ್ಯಾಕ್ ಸಬ್ಬತ್ ತಂಡದ ಆ ಮೊದಲ ಆಲ್ಬಮ್ಮಿನ ಮೊದಲ ಹಾಡಿಗೂ ಅದೇ ಹೆಸರು. ಅದಕ್ಕೆ ಮುಂಚೆ ಜೋರಾಗಿ ನುಡಿಸಿದವರು ಬೇಕಾದಷ್ಟು ಜನ ಇದ್ದರು. ಇಷ್ಟು ನಿಧಾನವಾಗಿ, ಸ್ವರಗಳ ನಡುವೆ ಇಷ್ಟು ಜಾಗ ಬಿಟ್ಟು, ಕೇಳುಗನ ಎದೆಯ ಮೇಲೆ ಭಾರ ಹೇರಿದವರು ಮಾತ್ರ ಇರಲಿಲ್ಲ.

ಆ ಹಾಡಿನ ಮುಖ್ಯ ರಿಫ್‌ನಲ್ಲಿರುವುದು ಮೂರೇ ಸ್ವರ. ನಮ್ಮ ಸಂಗೀತ ಬಲ್ಲವರಿಗೆ ಅದನ್ನು ಹೇಳುವುದು ಸುಲಭ: ಷಡ್ಜ, ಅಲ್ಲಿಂದ ಒಂದೇ ನೆಗೆತಕ್ಕೆ ಮೇಲಿನ ಷಡ್ಜ, ಮತ್ತೆ ಕೆಳಗಿಳಿದು ಪ್ರತಿಮಧ್ಯಮ. ಅಷ್ಟೇ. ಕಲ್ಯಾಣಿ ಕೇಳಿ ಬೆಳೆದ ಕಿವಿಗೆ ಪ್ರತಿಮಧ್ಯಮದಲ್ಲಿ ಭಯಪಡುವಂಥದ್ದೇನೂ ಇಲ್ಲ. ಪಕ್ಕದಲ್ಲಿ ಪಂಚಮವಿದೆ, ತಂಬೂರಿಯಲ್ಲಿ ಅದು ಸದಾ ಮಿಡಿಯುತ್ತಿರುತ್ತದೆ, ಸ್ವರ ಅಲ್ಲಿಗೆ ಹೋಗಿ ನೆಮ್ಮದಿ ಕಾಣುತ್ತದೆ. ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಆ ನೆಮ್ಮದಿಯನ್ನೇ ಕೊಡುವುದಿಲ್ಲ. ಪ್ರತಿಮಧ್ಯಮವನ್ನು ಅಲ್ಲೇ ಕಂಪಿಸಲು ಬಿಟ್ಟು ಮತ್ತೆ ಮೊದಲ ಷಡ್ಜಕ್ಕೆ ಬಂದುಬಿಡುತ್ತಾನೆ. ಈ ಅಂತರವನ್ನು ಮಧ್ಯಯುಗದ ಚರ್ಚ್ ನಿಷೇಧಿಸಿತ್ತು ಎಂಬ ಕತೆಯನ್ನು ಮೆಟಲ್ ಪ್ರಿಯರು ಇಷ್ಟಪಟ್ಟು ಹೇಳುತ್ತಾರೆ. ಅದಕ್ಕೆ ದಾಖಲೆಯಿಲ್ಲ, ಅದರ ಅಗತ್ಯವೂ ಇಲ್ಲ. ರಿಫ್‌ನ ಮೂಲ ಇನ್ನೂ ಸ್ವಾರಸ್ಯವಾಗಿದೆ. ಬೇಸ್ ನುಡಿಸುವ ಗೀಜರ್ ಬಟ್ಲರ್‌ಗೆ ಗುಸ್ತಾವ್ ಹೋಲ್ಸ್ಟ್‌ನ ‘ದ ಪ್ಲಾನೆಟ್ಸ್’ ಎಂದರೆ ಪ್ರಾಣ. ಅದರೊಳಗಿನ ಮಂಗಳ ಗ್ರಹದ ಭಾಗವನ್ನು ಅವನು ಬೇಸ್ ಮೇಲೆ ನುಡಿಸುತ್ತಿದ್ದುದು ಐಯೋಮಿಯ ಕಿವಿಗೆ ಬಿತ್ತು. ಈ ಮೂರು ಸ್ವರ ಹೊರಟದ್ದು ಅಲ್ಲಿಂದ.

ಆದರೆ ಆ ನಾದಕ್ಕೆ ಅಷ್ಟು ತೂಕ ಬಂದದ್ದಕ್ಕೆ ಒಂದು ಕಾರ್ಖಾನೆಯ ಕತೆಯಿದೆ.

ಐಯೋಮಿ ಎಡಚ, ಗಿಟಾರಿನ ತಂತಿ ಒತ್ತುವುದು ಬಲಗೈ. 17ರ ವಯಸ್ಸಿನಲ್ಲಿ ಅವನು ಬರ್ಮಿಂಗ್‌ಹ್ಯಾಮ್‌ನ ಒಂದು ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಪೂರ್ಣಾವಧಿ ಸಂಗೀತಗಾರನಾಗಬೇಕೆಂದು ಕೆಲಸ ಬಿಟ್ಟಿದ್ದ. ಅಂದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಎಂದ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದಳು. ಪ್ರೆಸ್ ಯಂತ್ರ ನಡೆಸುವವರು ಅಂದು ಬಂದಿರಲಿಲ್ಲ, ಇವನನ್ನು ಅಲ್ಲಿ ನಿಲ್ಲಿಸಿದರು. ಯಂತ್ರ ಬೆರಳ ಮೇಲೆ ಇಳಿಯಿತು. ಗಾಬರಿಯಲ್ಲಿ ಕೈ ಎಳೆದುಕೊಂಡಾಗ ಮಧ್ಯದ ಬೆರಳು, ಉಂಗುರ ಬೆರಳು ಎರಡರ ತುದಿಯೂ ಹೋದವು.

ಇನ್ನು ಗಿಟಾರ್ ಕನಸು ಮುಗಿಯಿತು ಎಂದು ಕೂತಿದ್ದವನ ಮನೆಗೆ ಕಾರ್ಖಾನೆಯ ಮೇಸ್ತ್ರಿ ಒಂದು ರೆಕಾರ್ಡ್ ಹಿಡಿದು ಬಂದ. ಅದರಲ್ಲಿದ್ದುದು ಜ್ಯಾಂಗೊ ರೈನ್‌ಹಾರ್ಟ್, ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳು ಸೊಟ್ಟಗಾದ ಮೇಲೂ ಯುರೋಪಿನ ಜಾಝ್ ಗಿಟಾರ್‌ನ ದೊಡ್ಡ ಹೆಸರಾದವನು. ಅವನ ವಾದನ ಕೇಳಿದ ಮೇಲೆ ಐಯೋಮಿ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಉಜ್ಜಿ, ಬೆರಳಿಗೆ ಟೋಪಿ ಮಾಡಿಕೊಂಡ. ತಂತಿ ಜಾರದಂತೆ ಅದರ ಮೇಲೆ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ಆ ಟೋಪಿಗೆ ತಂತಿಯ ಸ್ಪರ್ಶ ತಿಳಿಯದು. ದಪ್ಪ ತಂತಿ ಒತ್ತಿದರೆ ನೋವು. ಹಾಗಾಗಿ ಬ್ಯಾಂಜೊದ ಸಣ್ಣ ತಂತಿಗಳನ್ನು ಗಿಟಾರಿಗೆ ಕಟ್ಟಿದ. ಎರಡೇ ಬೆರಳು ಬಳಸಿ ಒತ್ತಬಹುದಾದ ಪವರ್ ಕಾರ್ಡ್‌ಗಳು ಅವನ ಮುಖ್ಯ ಆಸ್ತಿಯಾದವು. ಬೆರಳು ಒಪ್ಪದ ಕಡೆ ಸ್ವರ ಕಡಿಮೆ ಮಾಡಿದ, ಉಳಿದ ಸ್ವರವನ್ನು ಹೆಚ್ಚು ಹೊತ್ತು ನಿಲ್ಲಿಸಿದ. ಇದು ಕೊರತೆಯನ್ನು ಮುಚ್ಚಿಕೊಳ್ಳುವ ಉಪಾಯವಾಗಿ ಶುರುವಾಗಿರಬಹುದು. ಕೇಳುವಾಗ ನನಗೆ ಅದೊಂದು ಪೂರ್ಣ ಶೈಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಸಬ್ಬತ್ ಎಂದರೆ ಶ್ರುತಿ ಇಳಿಸಿದ ಗಿಟಾರ್ ಎಂದು ಅನೇಕರು ಬರೆಯುತ್ತಾರೆ. ಮೊದಲ ಆಲ್ಬಮ್ ಇರುವುದು ಎಲ್ಲರೂ ನುಡಿಸುವ ಶ್ರುತಿಯಲ್ಲೇ. ಮೂರು ಸ್ವರಸ್ಥಾನ ಕೆಳಗೆ ಹೋದದ್ದು 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ. ತಂತಿ ಸಡಿಲಾದರೆ ಬೆರಳಿಗೆ ಹಗುರ, ನಾದಕ್ಕೆ ಮಂದ್ರದ ಆಳ. ಬಟ್ಲರ್ ಕೂಡ ಬೇಸ್ ಇಳಿಸಿದ. ಇಂದಿನ ಅನೇಕ ಮೆಟಲ್ ತಂಡಗಳು ಮಂದ್ರಕ್ಕೆ ಇಳಿಯುವುದು ಆ ದಾರಿ ಹಿಡಿದೇ. ಆದರೆ ಮೊದಲ ರೆಕಾರ್ಡ್‌ನ ಭಾರಕ್ಕೆ ಶ್ರುತಿ ಕಾರಣವಲ್ಲ, ಲಯ ಕಾರಣ. ಡ್ರಮ್ಸ್‌ನ ಬಿಲ್ ವಾರ್ಡ್ ಜಾಝ್ ಕೇಳಿ ಬೆಳೆದವನು. ಪ್ರತಿ ಪೆಟ್ಟನ್ನೂ ಒಂದು ಕೂದಲೆಳೆಯಷ್ಟು ತಡೆದು ಹೊಡೆದಂತೆ ಕೇಳಿಸುತ್ತದೆ.

ನಿರ್ಮಾಪಕ ರೋಜರ್ ಬೇನ್, ಎಂಜಿನಿಯರ್ ಟಾಮ್ ಆಲಮ್ ಇಬ್ಬರೂ ಮಾಡಿದ ಉಪಕಾರವೆಂದರೆ ಹುಡುಗರನ್ನು ಅವರ ಪಾಡಿಗೆ ಬಿಟ್ಟದ್ದು. ವೇದಿಕೆಯಲ್ಲಿ ನುಡಿಸುವಂತೆಯೇ ನುಡಿಸಿದರು, ಆಝಿ ಆಸ್ಬರ್ನ್ ಜೊತೆಜೊತೆಗೇ ಹಾಡಿದ. ಆರಂಭದ ಮಳೆ, ಗುಡುಗು, ಗಂಟೆಯ ಸದ್ದನ್ನು ಆಮೇಲೆ ಸೇರಿಸಿದರು. ತಿಂಗಳುಗಟ್ಟಲೆ ಸಮಯ ಸಿಕ್ಕಿದ್ದರೆ ಈ ಆಲ್ಬಮ್ ಕೆಡುತ್ತಿತ್ತೆಂದೇ ನನ್ನ ನಂಬಿಕೆ; ತಿದ್ದುವವರು ಮೊದಲು ತುಂಬುತ್ತಿದ್ದುದು ಆ ಖಾಲಿ ಜಾಗಗಳನ್ನೇ.

1970ರ ಫೆಬ್ರವರಿ 13, ಶುಕ್ರವಾರ, ಆಲ್ಬಮ್ ಅಂಗಡಿಗೆ ಬಂತು. ‘ರೋಲಿಂಗ್ ಸ್ಟೋನ್’ನಲ್ಲಿ ಲೆಸ್ಟರ್ ಬ್ಯಾಂಗ್ಸ್ ಕಟುವಾಗಿ ಬರೆದ. ಜನ ಕೊಂಡರು, ಬ್ರಿಟನ್ನಿನ ಪಟ್ಟಿಯಲ್ಲಿ ಅದು 8ನೇ ಸ್ಥಾನ ಮುಟ್ಟಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದವರು ಈ ವಂಶದ ಫಲವನ್ನೇ ಕೇಳಿದರು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಸಬ್ಬತ್‌ನ ಮೂಲ ನಾಲ್ವರೂ ಕೊನೆಯ ಬಾರಿ ಒಟ್ಟಿಗೆ ನುಡಿಸಿದಾಗ ಅದೇ ಮೆಟಾಲಿಕಾ ಗುರುಗಳ ಹಾಡುಗಳನ್ನು ಎತ್ತಿಕೊಂಡು ಹಾಡಿತು.

ಕೇಳಲು ಹೊರಡುವವರಿಗೆ ಒಂದು ಮಾತು. ಬ್ರಿಟನ್ನಿನ ಮೂಲ ಎಲ್‌ಪಿಯಲ್ಲಿ ‘ಈವಿಲ್ ವುಮನ್’ ಇದೆ. ಅದು ಕ್ರೋ ಎಂಬ ಅಮೆರಿಕನ್ ತಂಡದಿಂದ ತಂದ ಹಾಡು, ಸಾಧಾರಣ. ಅಮೆರಿಕದ ಆವೃತ್ತಿಯಲ್ಲಿ ಅದರ ಬದಲು ‘ವಿಕೆಡ್ ವರ್ಲ್ಡ್’ ಇದೆ. ಅದಿರುವ ಆವೃತ್ತಿಯನ್ನೇ ಹುಡುಕಿ. ಆ ಹಾಡಿನ ಮೊದಲ ಕೆಲವು ಕ್ಷಣ ವಾರ್ಡ್‌ನ ಸಿಂಬಲ್ ಮೇಲೆ ಗಮನವಿಡಿ, ಈ ತಂಡ ಜಾಝ್‌ಗೆ ಎಷ್ಟು ಋಣಿ ಎಂಬುದು ಅಲ್ಲೇ ಕೇಳಿಸುತ್ತದೆ.